ಕೊನೆಯ ಪುಟ ಓದದೆ ಹುಡುಗಿಯ ಕೈಗೆ ಕಾದಂಬರಿ ಕೊಡಬೇಡಿ

ಧಾರವಾಡದ ನಮ್ಮ ಓಣಿಯಲ್ಲಿ ಎಂಟನೆಯ ಇಯತ್ತೆಯಿಂದ ಪಿಯುಸಿವರೆಗಿನ ಹುಡುಗಿಯರಿಗೆ ಕಾದಂಬರಿ ಕೊಡುವಾಗ ನಾನು ಒಂದು ನಿಯಮವನ್ನು ಎಂದೂ ಬಿಡುವುದಿಲ್ಲ. ನಾನು ಕೊನೆಯ ಪುಟದವರೆಗೆ ಓದದ ಪುಸ್ತಕ ಹುಡುಗಿಯ ಕೈಗೆ ಹೋಗುವುದಿಲ್ಲ. ಸಿನಿಮಾ ನೋಡಿದ್ದೇವೆ, ಹೆಸರು ಕೇಳಿದ್ದೇವೆ ಎಂದು ಕೊಟ್ಟಾಗಲೇ ಎಡವಟ್ಟಾಗುತ್ತದೆ. ತ್ರಿವೇಣಿಯವರ ‘ಶರಪಂಜರ’ವನ್ನೇ ನೋಡಿ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ವಾಸಿಯಾಗಿ ಮನೆಗೆ ಬಂದರೂ ಮನೆಯವರ ಅನುಮಾನವೇ ಅವಳನ್ನು ಮತ್ತೆ ಕೆಡವುತ್ತದೆ. ಬಹಳ ಮಹತ್ವದ ಕಾದಂಬರಿ. ಆದರೆ ಹದಿಮೂರರ ಹುಡುಗಿ ಅದನ್ನು ಒಬ್ಬಳೇ ಕೂತು ಓದಿದರೆ ಅವಳಲ್ಲಿ ಉಳಿಯುವುದು ಹೆದರಿಕೆ ಮಾತ್ರ. ನಾನು ಅದನ್ನು ಪಿಯುಸಿ ಎರಡನೆಯ ವರ್ಷದವರಿಗೆ ಕೊಡುತ್ತೇನೆ, ಅದೂ ಓದಿ ಮುಗಿಸಿದ ಮೇಲೆ ಕೂತು ಮಾತಾಡಲು ಮನೆಯಲ್ಲಿ ಅಕ್ಕನೋ ಅವ್ವನೋ ಇದ್ದರೆ.

“ಎಂಥಾ ಪುಸ್ತಕ ಬೇಕವಾ?” ಎಂದು ಕೇಳಬಾರದು. “ಯಾವುದರ ಕೊಡ್ರಿ ಅಕ್ಕಾರ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ಕೇಳುವುದು ಮೂರು: ಈಚೆಗೆ ಎರಡು ಸಲ ನೋಡಿದ ಸಿನಿಮಾ ಯಾವುದು? ಅಳು ತರಿಸುವ ಕಥೆ ಇಷ್ಟವೋ, ಅತ್ತರೆ ಆಮೇಲೆ ದಿನವೆಲ್ಲ ಬೇಜಾರಾಗುತ್ತದೋ? ಕನ್ನಡ ಓದುವಾಗ ಬಾಯಲ್ಲಿ ಗುಣುಗುತ್ತೀಯೋ, ಸುಮ್ಮನೆ ಕಣ್ಣಾಡಿಸುತ್ತೀಯೋ? ಮೂರನೆಯದು ಮುಖ್ಯ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು ಮನೆಯಲ್ಲಿ ಧಾರವಾಡ ಕನ್ನಡ ಮಾತಾಡುವ ಹುಡುಗಿ ಗುಣುಗಿಯೇ ಓದುತ್ತಾಳೆ. ಅರ್ಧ ತಾಸಿಗೆ ಏಳೆಂಟು ಪುಟ ಸಾಗಿದರೆ ಹೆಚ್ಚು. ಅವಳಿಗೆ ನಾನೂರು ಪುಟದ ಕಾದಂಬರಿ ಕೊಟ್ಟರೆ ಅರವತ್ತನೆಯ ಪುಟದಲ್ಲಿ ನಿಲ್ಲುತ್ತಾಳೆ. ತಪ್ಪು ಅವಳದಲ್ಲ, ಕೊಟ್ಟವರದು. ಮೊದಲ ಪುಸ್ತಕ ನೂರೈವತ್ತು ಪುಟದೊಳಗಿರಲಿ, ಅಕ್ಷರ ದಪ್ಪವಿರಲಿ, ಅಧ್ಯಾಯ ಆರೇಳು ಪುಟ ಮೀರದಿರಲಿ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ ಕಾಲೇಜಿಗೆ ಓಡಾಡುವವರಿಗಂತೂ ಒಂದು ಪ್ರಯಾಣಕ್ಕೆ ಒಂದೆರಡು ಅಧ್ಯಾಯ ಮುಗಿಯಬೇಕು. ನಡುವೆ ನಿಂತ ಅಧ್ಯಾಯಕ್ಕೆ ಸಂಜೆ ಯಾರೂ ಮರಳುವುದಿಲ್ಲ.

ಹೀಗಾಗಿ ಹೆಚ್ಚಿನವರಿಗೆ ನನ್ನ ಮೊದಲ ಪುಸ್ತಕ ‘ತೊತ್ತೋಚಾನ್’. ತೆತ್ಸುಕೋ ಕುರೊಯಾನಾಗಿ ಬರೆದ ಜಪಾನಿ ಪುಸ್ತಕ. ಕನ್ನಡಕ್ಕೆ ತಂದವರು ವಿ. ಗಾಯತ್ರಿ. ಇದು ಲೇಖಕಿಯ ಬಾಲ್ಯದ ನೆನಪು, ಕಟ್ಟುನಿಟ್ಟಾಗಿ ಕಾದಂಬರಿಯಲ್ಲ, ಆದರೆ ಓದುವ ರುಚಿ ಕಾದಂಬರಿಯದೇ. ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ, ರೈಲು ಡಬ್ಬಿಗಳೇ ತರಗತಿಯಾದ ಶಾಲೆ, ಅವಳ ಮಾತನ್ನು ನಾಲ್ಕು ತಾಸು ಕೂತು ಕೇಳುವ ಹೆಡ್‌ಮಾಸ್ತರರು. ಅಧ್ಯಾಯಗಳು ಪುಟ್ಟವು. ನಗು ತುಂಬಿದೆ, ಆದರೆ ಪೋಲಿಯೊ ಆದ ಗೆಳೆಯನ ಸಾವೂ ಇದೆ. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ ಅದನ್ನು ಮೊದಲೇ ಹೇಳಿ ಕೊಡುತ್ತೇನೆ. ಕಥೆ ಮೊದಲೇ ಹೇಳಿದಿರಿ ಎಂದು ಯಾವ ಹುಡುಗಿಯೂ ದೂರಿಲ್ಲ.

ನಗಬೇಕು, ಪ್ರೇಮಕಥೆ ಬೇಡ ಎನ್ನುವವರಿಗೆ ತೇಜಸ್ವಿಯವರ ‘ಕರ್ವಾಲೋ’. 1980ರ ಪುಸ್ತಕ, ಇಂದಿಗೂ ಹಳತಾಗಿಲ್ಲ. ಇಲ್ಲಿ ಒಂದು ತೊಡಕು. ನಮ್ಮ ಬಯಲುಸೀಮೆಯ ಹುಡುಗಿಯರಿಗೆ ಮಲೆನಾಡಿನ ಕಾಡು, ಕಾಫಿ ತೋಟ, ಜೇನುಪೆಟ್ಟಿಗೆಯ ಮಾತು ಹೊಸದು. ಮೊದಲ ಇಪ್ಪತ್ತು ಪುಟ ನಿಧಾನ. ನಾನು ಮಂದಣ್ಣ ಬರುವ ಒಂದೆರಡು ಪುಟವನ್ನು ಗಟ್ಟಿಯಾಗಿ ಓದಿ, ನಗು ಬಂದ ಕಡೆ ನಿಲ್ಲಿಸಿ ಪುಸ್ತಕ ಕೈಗಿಡುತ್ತೇನೆ. ಹಾರುವ ಓತಿಯ ಬೆನ್ನು ಹತ್ತಿದ ಮೇಲೆ ಪುಸ್ತಕವೇ ಅವರನ್ನು ಎಳೆದುಕೊಂಡು ಹೋಗುತ್ತದೆ.

ಒಂಬತ್ತು–ಹತ್ತನೆಯ ಇಯತ್ತೆಯವರ ಮನಸ್ಸಿಗೆ ಹೆಚ್ಚು ಹತ್ತಿರವಾಗುವುದು ಸುಧಾ ಮೂರ್ತಿಯವರ ಕಾದಂಬರಿಗಳು. ಅವರು ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವರು ಎಂದರೆ ಹುಡುಗಿಯರ ಕಣ್ಣು ಅರಳುತ್ತದೆ. ವಾಕ್ಯ ಸರಳ, ಕಥೆ ನೇರ. ‘ಮಹಾಶ್ವೇತೆ’ಯಲ್ಲಿ ಮದುವೆಯ ನಂತರ ಅನುಪಮಾಳ ಮೈಮೇಲೆ ತೊನ್ನು ಕಾಣಿಸುತ್ತದೆ, ಗಂಡನ ಮನೆ ದೂರ ತಳ್ಳುತ್ತದೆ, ಅವಳು ಮುಂಬಯಿಗೆ ಹೋಗಿ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಗಂಡ ಮರಳಿ ಕರೆದಾಗ ಅವಳು ಕೊಡುವ ಉತ್ತರಕ್ಕಾಗಿಯೇ ನಾನು ಇದನ್ನು ಕೊಡುತ್ತೇನೆ. ಆದರೆ ತೊನ್ನು ಇರುವ ಹುಡುಗಿಗೆ “ಇದು ನಿನಗಾಗಿ” ಎಂದು ಎಲ್ಲರ ಮುಂದೆ ಎತ್ತಿ ಕೊಡಬೇಡಿ. ಉಳಿದ ಪುಸ್ತಕಗಳ ಸಾಲಿನಲ್ಲಿಡಿ, ಅವಳೇ ತೆಗೆದುಕೊಳ್ಳಲಿ. ಕಡಿಮೆ ಅಂಕ ಬಂದವಳು, ದಪ್ಪಗಿರುವವಳು, ಅಪ್ಪ ಇಲ್ಲದವಳು, ಎಲ್ಲರ ವಿಷಯದಲ್ಲೂ ಇದೇ ಎಚ್ಚರ ಬೇಕು. ಪುಸ್ತಕವನ್ನು ಔಷಧಿಯಂತೆ ಕೊಟ್ಟರೆ ಹುಡುಗಿ ಕುಗ್ಗುತ್ತಾಳೆ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಮನೆಯಲ್ಲಿ ಅಜ್ಜಿ ಇರುವವರಿಗೆ ಮೊದಲು ಕೊಡುತ್ತೇನೆ. ಬಾಲವಿಧವೆಯ ತಲೆ ಬೋಳಿಸುವುದು, ಮಡಿ, ಒಪ್ಪತ್ತಿನ ಊಟ, ಇವೆಲ್ಲ ಇಂದಿನ ಹುಡುಗಿಗೆ ಕಟ್ಟುಕಥೆಯಂತೆ ಕಾಣುತ್ತವೆ. ಅಜ್ಜಿ “ನಾ ಕಂಡೀನವಾ” ಎಂದರೆ ಪುಸ್ತಕಕ್ಕೆ ಜೀವ ಬರುತ್ತದೆ. ನೇಮಿಚಂದ್ರ ಅವರ ‘ಯಾದ್ ವಶೇಮ್’ ಪಿಯುಸಿಯವರಿಗೆ. ನಾಜಿಗಳಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಮುಂದೆ ತನ್ನವರನ್ನು ಹುಡುಕುತ್ತ ಹೋಗುವ ಕಥೆ. ದಪ್ಪ ಪುಸ್ತಕ, ಸೂಟಿಯಲ್ಲೇ ಆಗಬೇಕು.

ಇಂಗ್ಲಿಷ್ ಸಲೀಸಾಗಿ ಓದುವವರಿಗೆ 1868ರ ‘ಲಿಟಲ್ ವಿಮೆನ್’, 1908ರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’. ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಉದ್ದುದ್ದ ವರ್ಣನೆ ಬಂದ ಕಡೆ ಹಾರಿಸಿ ಓದಲು ಹೇಳಿ. 1912ರ ‘ಡ್ಯಾಡಿ ಲಾಂಗ್ ಲೆಗ್ಸ್’ ಪತ್ರಗಳಲ್ಲೇ ಸಾಗುವ, ನಗಿಸಿ ಹೊಟ್ಟೆ ಹುಣ್ಣಾಗಿಸುವ ಕಾದಂಬರಿ. ಆದರೆ ಫೀ ಕಟ್ಟಿ ಓದಿಸಿದ ಹಿರಿಯನೇ ಕೊನೆಗೆ ವರನಾಗುತ್ತಾನೆ. ಅದು ಸರಿಯೇ ಎಂದು ಹುಡುಗಿಯನ್ನೇ ಕೇಳಿ. ಒಳ್ಳೆಯ ಮಾತುಕತೆ ಹುಟ್ಟುತ್ತದೆ.

ಕೊಡುವ ಕ್ರಮ ಹೀಗೆ. ಮೂರು ಪುಸ್ತಕ ಮುಂದಿಡುತ್ತೇನೆ, ಮನೆಗೆ ಒಯ್ಯುವುದು ಒಂದೇ. ಮೂರು ದಿನದಲ್ಲಿ ಹಿಡಿಸದಿದ್ದರೆ ಬದಲಿಸಬಹುದು, ಯಾಕೆ ಎಂದು ಕೇಳುವುದಿಲ್ಲ. ಸಾರಾಂಶ ಬರೆಸುವುದಿಲ್ಲ, ಬರೆಸಿದ ದಿನದಿಂದ ಅದು ಸಾಲಿಯ ಅಭ್ಯಾಸವಾಗುತ್ತದೆ. ಒಳರಟ್ಟಿನಲ್ಲಿ ಒಂದು ಚೀಟಿ: ಪುಟ ಎಷ್ಟು, ಯಾರಾದರೂ ಸಾಯುತ್ತಾರೋ, ಅರ್ಥವಾಗದ ಏಳೆಂಟು ಪದಗಳಿಗೆ ನಮ್ಮ ಕಡೆಯ ಮಾತು. ಓದಿದವಳು ಬೇಕೆನಿಸಿದರೆ ಕೆಳಗೆ ಒಂದು ಸಾಲು ಸೇರಿಸುತ್ತಾಳೆ. ಮುಂದಿನ ಹುಡುಗಿ ನಂಬುವುದು ನನ್ನ ಮಾತಿಗಿಂತ ಆ ಸಾಲನ್ನು.

“ಕಾದಂಬರಿ ಓದಿದ್ರ ಹುಡುಗಿ ಕೆಡ್ತಾಳ” ಎನ್ನುವ ಅವ್ವಂದಿರೊಡನೆ ವಾದ ಮಾಡಬೇಡಿ. ಅವರಿಗೂ ಒಂದು ತ್ರಿವೇಣಿ ಕಾದಂಬರಿ ಕೊಡಿ. ಎಸ್ಸೆಸ್ಸೆಲ್ಸಿ ಹುಡುಗಿಗೆ ಜನವರಿಯ ನಂತರ ಹೊಸ ಪುಸ್ತಕ ಕೊಡದೆ, ಪರೀಕ್ಷೆ ಮುಗಿದ ಮಧ್ಯಾಹ್ನವೇ ಕೈಗೆ ಸಿಗುವಂತೆ ಅವಳ ಹೆಸರಿನ ಚೀಟಿ ಹಚ್ಚಿ ತೆಗೆದಿಡುತ್ತೇನೆ.