‘ಲಾರಿ ಬಂದ ಮೇಲೆ’ ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು: ನನ್ನ ಅನುಭವ

ಓದಿದ್ದು ಕನ್ನಡ ಮಾಧ್ಯಮ, ಕೆಲಸ ಸಿಕ್ಕಿದ್ದು ಒಂದು ಗೋದಾಮಿನಲ್ಲಿ. ಅಲ್ಲಿ ಎಲ್ಲ ಮೇಲ್‌ಗಳೂ ಇಂಗ್ಲಿಷಿನಲ್ಲೇ. ಒಂದು ದಿನ ಹೀಗೆ ಬರೆದೆ: ‘ಆಫ್ಟರ್ ದ ಲಾರಿ ಕೇಮ್, ಐ ವಿಲ್ ಸೆಂಡ್ ದ ಬಿಲ್.’ ಲಾರಿ ಇನ್ನೂ ತುಮಕೂರು ದಾಟಿರಲಿಲ್ಲ. ಮೇಲ್ ಓದಿದವರು ಲಾರಿ ಬಂದಾಯ್ತು ಅಂದುಕೊಂಡು ಗಿರಾಕಿಗೆ ಹೇಳಿಬಿಟ್ಟರು. ಪಾಪ, ಅವರು ಟೆಂಪೋ ಮಾಡಿಸಿಕೊಂಡು ಬಂದು ಸಂಜೆವರೆಗೆ ಕಾದರು. ನನಗೆ ತುಂಬಾ ಬೇಜಾರಾಯ್ತು.

ಆ ರಾತ್ರಿ ಅದೇ ಮಾತನ್ನು ಕನ್ನಡದಲ್ಲಿ ಬರೆದು ನೋಡಿದೆ. ‘ಲಾರಿ ಬಂದ ಮೇಲೆ ಬಿಲ್ ಕಳಿಸ್ತೀನಿ.’ ‘ಬಂದ’ ಅನ್ನೋದನ್ನೇ ನಾನು ‘ಕೇಮ್’ ಮಾಡಿದ್ದೆ. ಆದರೆ ಲಾರಿ ಬರೋದು ನಾಳೆ, ಅಲ್ವಾ? ಇಲ್ಲಿ ‘ಬಂದ’ ನಿನ್ನೆಯ ಮಾತಲ್ಲ. ಮೊದಲು ಇದು, ಆಮೇಲೆ ಅದು ಅಂತಷ್ಟೇ ಅದರ ಅರ್ಥ. ಕಾಲ ಗೊತ್ತಾಗೋದು ಕೊನೆಯ ‘ಕಳಿಸ್ತೀನಿ’ಯಿಂದ.

ಇಂಗ್ಲಿಷಿನಲ್ಲೂ ನಾಳೆಯ ಸುದ್ದಿಯನ್ನು ‘ಐ ವಿಲ್ ಸೆಂಡ್’ ಒಂದೇ ಹೇಳುತ್ತದೆ. ಅದಕ್ಕೇ ‘ಆಫ್ಟರ್’ ಇರುವ ಕಡೆ ‘ಕೇಮ್’ ಬೇಡ, ‘ವಿಲ್ ಕಮ್’ ಕೂಡ ಬೇಡ. ಸುಮ್ನೆ ‘ಆಫ್ಟರ್ ದ ಲಾರಿ ಕಮ್ಸ್’ ಸಾಕು. ಬಿಫೋರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್ ಎಲ್ಲಕ್ಕೂ ಇದೇ ಲೆಕ್ಕ.

ಜಾಸ್ತಿ ಕಾಡಿದ್ದು ‘ವೆನ್’. ‘ಟೆಲ್ ಮಿ ವೆನ್ ದ ಲಾರಿ ಕಮ್ಸ್’, ‘ಟೆಲ್ ಮಿ ವೆನ್ ದ ಲಾರಿ ವಿಲ್ ಕಮ್’, ಎರಡೂ ಸರಿ. ಹಾಗಾದರೆ ‘ವಿಲ್’ ಯಾವಾಗ ಹಾಕೋದು? ಇದಕ್ಕೂ ಕನ್ನಡವೇ ದಾರಿ ತೋರಿಸಿತು. ಮೊದಲನೆಯದು ‘ಲಾರಿ ಬಂದಾಗ ಹೇಳಿ’. ಎರಡನೆಯದು ‘ಲಾರಿ ಯಾವಾಗ ಬರುತ್ತೆ ಹೇಳಿ’. ಮನಸ್ಸಿನಲ್ಲಿ ‘ಯಾವಾಗ’ ಅಂತ ಬಂದರೆ ಅದು ಪ್ರಶ್ನೆ, ‘ವಿಲ್’ ಬರಬಹುದು. ‘ಬಂದಾಗ’ ಅಂತ ಬಂದರೆ ‘ವಿಲ್’ ಬೇಡ. ನನ್ನ ಮಟ್ಟಿಗೆ ಯಾವ ವ್ಯಾಕರಣದ ಪಾಠಕ್ಕಿಂತಲೂ ಇದೇ ಹೆಚ್ಚು ಕೈಹಿಡಿದಿದೆ.

ಕೆಲಸ ಪೂರ್ತಿ ಮುಗೀಲೇಬೇಕು ಅನ್ನುವಾಗ ‘ಹ್ಯಾವ್’ ಹಾಕುತ್ತೇನೆ. ‘ವೆನ್ ಐ ಕೌಂಟ್ ದ ಬಾಕ್ಸಸ್, ಐ ವಿಲ್ ಕಾಲ್ ಯು’ ಅಂದರೆ ಎಣಿಸುತ್ತಾ ಫೋನ್ ಮಾಡುವ ಹಾಗೆ ಕೇಳಿಸಬಹುದು. ‘ವೆನ್ ಐ ಹ್ಯಾವ್ ಕೌಂಟೆಡ್’ ಅಂದರೆ ಎಣಿಸಿ ಮುಗಿಸಿದ ಮೇಲೆ ಅಂತ ಖಚಿತ.

ಹಿಂದೆ ನಡೆದದ್ದನ್ನು ಹೇಳುವಾಗ ಇದೇ ಮೋಸ ತಿರುಗುಮುರುಗಾಗಿ ಬರುತ್ತದೆ. ‘ಲಾರಿ ಬರುವ ಮೊದಲೇ ಬಿಲ್ ಕಳಿಸಿದ್ದೆ.’ ‘ಬರುವ’ ಅಂತ ಇದ್ದರೂ ಲಾರಿ ಬಂದು ಹೋಗಿದೆ. ಇಲ್ಲಿ ‘ಕೇಮ್’ ಬೇಕೇ ಬೇಕು: ‘ಐ ಹ್ಯಾಡ್ ಸೆಂಟ್ ದ ಬಿಲ್ ಬಿಫೋರ್ ದ ಲಾರಿ ಕೇಮ್.’

ಈಗಲೂ ಮೇಲ್ ಕಳಿಸುವ ಮುಂಚೆ ವಾಕ್ಯವನ್ನು ಒಂದು ಸಲ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ನಿನ್ನೆ ಬರೆದದ್ದು ಇದು: ‘ಬೈ ದ ಟೈಮ್ ಯು ರೀಚ್, ಐ ವಿಲ್ ಹ್ಯಾವ್ ಲೋಡೆಡ್ ದ ಲಾರಿ.’ ನೀವು ಬರೋ ಹೊತ್ತಿಗೆ ಲೋಡ್ ಮಾಡಿರ್ತೀನಿ. ಅವರು ಬಂದಾಗ ಲಾರಿಗೆ ಟಾರ್ಪಾಲು ಕಟ್ಟಿಯಾಗಿತ್ತು.