ಡಾಕ್ಟರ್ ಹೇಳಿದಾಗ ಮುಂದೆ ಹೋದರು, ಡಿಪ್ಲೊಮಾ ಹುಡುಗ ಹೇಳಿದಾಗ ನಿಂತರು

"ರೀಲ್ಸ್ ನೋಡಿಯೇ ಹುಡುಗರು ಹಾಳಾಗ್ತಿದ್ದಾರೆ. ನೀವು ಅದರಲ್ಲೇ ಡಿಪ್ರೆಷನ್ ಪಾಠ ಮಾಡ್ತೀನಿ ಅಂತೀರಲ್ಲ ಮೇಡಂ?"

ದಾವಣಗೆರೆಯ ಒಂದು ಪಿಯು ಕಾಲೇಜಿನ ಪ್ರಿನ್ಸಿಪಾಲರು 2022ರ ಕೊನೆಯಲ್ಲಿ ನನ್ನನ್ನು ಹೀಗೆ ಕೇಳಿದ್ದರು. ಹೋದ ತಿಂಗಳು ಅವರೇ ಫೋನ್ ಮಾಡಿ, "ಆ ಹುಡುಗನ ವಿಡಿಯೋ ನಮ್ಮ ಮಕ್ಕಳಿಗೂ ತೋರಿಸಿ" ಎಂದರು. ಈ ಎರಡು ಮಾತುಗಳ ನಡುವೆ, ಡಿಪ್ರೆಷನ್ ಬಗೆಗಿನ ಕಳಂಕ ಕಡಿಮೆ ಮಾಡುವ ವಿಡಿಯೋಗಳಿಗೆ ನನ್ನ ಕೈಯಿಂದ ಸುಮಾರು 95 ಸಾವಿರ ಹೋಗಿದೆ. ಅದರಲ್ಲಿ ಮುಕ್ಕಾಲು ಪಾಲು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನನ್ನಂತೆ ಕೌನ್ಸೆಲಿಂಗ್ ಮಾಡುವ ಬಹಳ ಜನ ಈಗ ಅದೇ ದಾರಿಯಲ್ಲಿದ್ದಾರೆ.

ಮೊದಲು ಒಂದು ವಿಡಿಯೋ ಕಂಪನಿಗೆ 6 ವಿಡಿಯೋಗಳಿಗೆ 48 ಸಾವಿರ ಕೊಟ್ಟೆ. ಬಿಳಿ ಕೋಟು ಹಾಕಿದ ಡಾಕ್ಟರು, ಹಿಂದೆ ಪುಸ್ತಕದ ಕಪಾಟು, ಖಿನ್ನತೆಯ ಲಕ್ಷಣಗಳ ಪಟ್ಟಿ. ಡಾಕ್ಟರು ಹೇಳಿದ್ದೆಲ್ಲ ಸರಿಯೇ. ಆದರೆ ನೂರು ಜನರಲ್ಲಿ ತೊಂಬತ್ತು ಜನ ಮೂರು ಸೆಕೆಂಡಿನೊಳಗೆ ಮುಂದೆ ಹೋಗುತ್ತಿದ್ದರು. ಬೂಸ್ಟ್ ಮಾಡಿದರೆ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಿದರೆ, ಸರಿಹೋಗುತ್ತದೆ ಎಂದು ಕಂಪನಿಯವರು ಅಂದರು. 14 ಸಾವಿರ ಸುರಿದೆ. ವ್ಯೂಸ್ ಬಂತು, ಆದರೆ ನೋಡಿದವರಲ್ಲಿ ಜಾಸ್ತಿ ಮೂವತ್ತು ದಾಟಿದ ಗಂಡಸರು. ನನಗೆ ಬೇಕಿದ್ದದ್ದು ಹದಿನಾರು ಹದಿನೇಳರ ಮಕ್ಕಳು.

ಎರಡನೇ ತಪ್ಪು ಇನ್ನೂ ದೊಡ್ಡದು. ಮಳೆ, ಕಿಟಕಿ, ಕಪ್ಪು ಬಿಳುಪು ಬಣ್ಣ, ಅಳುವ ಪಿಟೀಲು ಹಾಕಿ ಒಂದು ಸ್ಕಿಟ್ ಮಾಡಿಸಿದೆ. 9 ಸಾವಿರ ಖರ್ಚು. ಅದು ಚೆನ್ನಾಗಿಯೇ ಓಡಿತು. ಆದರೆ ಕ್ಲಾಸಿನಲ್ಲಿ ತೋರಿಸಿದ ಮೇಲೆ ಒಬ್ಬ ಹುಡುಗಿ, "ಮೇಡಂ, ಇದು ಬಂದ್ರೆ ಮುಗೀತು ಅಂತಾನಾ?" ಎಂದು ಕೇಳಿದಳು. ಅವತ್ತೇ ಅಳಿಸಿ ಹಾಕಿದೆ. ಕಳಂಕ ಕಡಿಮೆ ಮಾಡಲು ಹೊರಟು ಭಯ ಹೆಚ್ಚಿಸಿದ್ದೆ.

ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದು ನಮಗೆಲ್ಲ ದೊಡ್ಡ ಬಲ. ಮಾನಸಿಕ ಆರೋಗ್ಯಕ್ಕಾಗಿ ಅವರು ಕಟ್ಟಿದ ಸಂಸ್ಥೆಯ ಹಳ್ಳಿ ಕೆಲಸ ಶುರುವಾಗಿದ್ದೂ ನಮ್ಮ ಜಿಲ್ಲೆಯಲ್ಲೇ. ಆದರೂ ಮಕ್ಕಳು, "ಅವರು ದೊಡ್ಡೋರು ಮೇಡಂ, ನಮ್ಮನೇಲಿ ಹೇಳಿದ್ರೆ ತಾಯಿತ ಕಟ್ಟಿಸ್ತಾರೆ" ಅನ್ನುತ್ತಿದ್ದರು. ಅಲ್ಲೇ ನನಗೆ ಹೊಳೆಯಿತು. ಅವರಿಗೆ ಬೇಕಿರುವುದು ತಮ್ಮ ಬೀದಿಯವರೇ, ತಮ್ಮ ಮಾತಿನಲ್ಲೇ, "ನನಗೆ ಹೀಗಾಗಿತ್ತು, ಈಗ ಹೀಗಿದ್ದೀನಿ" ಎಂದು ಹೇಳುವುದು.

ಹಿಂದೆ ನನ್ನ ಹತ್ತಿರ ಬಂದು ಗುಣವಾಗಿದ್ದ ಒಬ್ಬ ಹುಡುಗ ತಾನಾಗಿಯೇ ಒಪ್ಪಿದ. ಈಗ ಹತ್ತೊಂಬತ್ತು, ಡಿಪ್ಲೊಮಾ ಓದುತ್ತಿದ್ದಾನೆ. ಹದಿನೆಂಟು ತುಂಬದವರ ಮುಖ ನಾನು ತೋರಿಸುವುದೇ ಇಲ್ಲ. ವಯಸ್ಸಾಗಿದ್ದರೂ ಬರಹದಲ್ಲಿ ಒಪ್ಪಿಗೆ, ಅಪ್ಪ ಅಮ್ಮನ ಜೊತೆ ಕೂತು ಮಾತು, ಯಾವಾಗ ಬೇಡ ಅಂದರೂ ತೆಗೆಯುತ್ತೇನೆ ಎಂಬ ಭರವಸೆ. ಅವನ ಗ್ಯಾರೇಜ್ ಗೆಳೆಯನ ಅಂಗಡಿ ಮುಂದೆ ನಿಲ್ಲಿಸಿ ನನ್ನ ಫೋನಿನಲ್ಲೇ ತೆಗೆದೆ. 800 ರೂಪಾಯಿಯ ಕಾಲರ್ ಮೈಕ್, ಎಡಿಟ್ ಮಾಡಲು ಇನ್‌ಶಾಟ್ ಆ್ಯಪ್, ಕನ್ನಡ ಅಕ್ಷರಗಳನ್ನು ನಾನೇ ಕೂತು ಟೈಪ್ ಮಾಡಿದ್ದು. 52 ಸೆಕೆಂಡ್. "ಮೂರು ತಿಂಗಳು ಬೈಕ್ ಮುಟ್ಟಿರಲಿಲ್ಲ. ಎಲ್ಲರೂ ಸೋಮಾರಿ ಅಂದ್ರು" ಎಂದು ಶುರು. ಮೊದಲು ಅಕ್ಕನಿಗೆ ಹೇಳಿದ್ದು, ಅಕ್ಕ ಮಂಗಳವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು, ಈಗ ಏನು ಮಾಡುತ್ತಿದ್ದಾನೆ ಅನ್ನುವುದು. ಅಷ್ಟೇ. ತನಗೆ ತಾನು ಏನು ಮಾಡಿಕೊಳ್ಳಲು ಹೊರಟಿದ್ದ, ಹೇಗೆ ಅನ್ನುವುದರ ಬಗ್ಗೆ ಒಂದು ಪದವೂ ಬರಕೂಡದು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಆ ಮೊದಲ ವಾಕ್ಯ ಬಾಯಿಂದ ಬರಲು ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಒದ್ದಾಡಿ ಕಂಡುಕೊಂಡದ್ದು. ಇಷ್ಟು ಹೇಳಬಲ್ಲೆ, ಅದರಲ್ಲಿ ಕಾಯಿಲೆಯ ಹೆಸರೇ ಇಲ್ಲ.

ಒಂದು ಪೈಸೆ ಬೂಸ್ಟ್ ಇಲ್ಲದೆ ಸುಮಾರು 40 ಸಾವಿರ ಜನ ನೋಡಿದರು. ನನಗೆ ಖುಷಿ ಕೊಟ್ಟದ್ದು ಅದಲ್ಲ, ಶೇರ್. ಒಬ್ಬರಿಂದೊಬ್ಬರಿಗೆ ಸುಮ್ನೆ ಮೆಸೇಜಿನಲ್ಲಿ ಹೋಗಿತ್ತು. ಎರಡು ಕಾಲೇಜುಗಳಲ್ಲಿ, ಹೆಚ್ಚುಕಡಿಮೆ 180 ಮಕ್ಕಳಿಗೆ ಹೆಸರಿಲ್ಲದ ಚೀಟಿ ಕೊಟ್ಟಿದ್ದೆ. ಡಿಪ್ರೆಷನ್ ಆದವನ ಪಕ್ಕ ಕೂರುತ್ತೀರಾ, ಮನೆಗೆ ಕರೆಯುತ್ತೀರಾ? ನೋಡುವ ಮೊದಲು "ಇಲ್ಲ" ಅಂದವರು ನೂರರ ಹತ್ತಿರ. ನೋಡಿದ ಮೇಲೆ ಅರವತ್ತರ ಆಸುಪಾಸು. ಒಂದು ತಿಂಗಳು ಬಿಟ್ಟು ಕೇಳಿದಾಗ ಎಪ್ಪತ್ತಕ್ಕೆ ಏರಿತ್ತು. ಹಾಗಾಗಿ ಈಗ ಮೂರು ವಾರಕ್ಕೊಂದು ಹೊಸ ಮುಖ ತರುತ್ತೇನೆ. ಇದುವರೆಗೆ 20 ವಿಡಿಯೋ, ಒಂದೊಂದಕ್ಕೆ 1,200 ರೂಪಾಯಿ ಮೀರಿಲ್ಲ. ಅದರಲ್ಲೂ ಅರ್ಧ ಪೆಟ್ರೋಲ್ ಮತ್ತು ಬೆಣ್ಣೆದೋಸೆ. ಹೊಟ್ಟೆ ತುಂಬಿದ ಮೇಲೆ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಇದು ನಿಜ.

ಕಾಮೆಂಟಿನ ಕಾಟ ನಿಮಗೂ ಗೊತ್ತು. "ಮೆಂಟಲ್", "ಸೈಕೋ" ಪದಗಳನ್ನು ಮೊದಲೇ ಮರೆಮಾಡುವ ಪಟ್ಟಿಗೆ ಹಾಕಿ. ಕನ್ನಡ ಅಕ್ಷರದಲ್ಲಿ ಮಾತ್ರ ಹಾಕಿದರೆ ಸಾಲದು. ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಐದು ಥರ ಬರೆಯುತ್ತಾರೆ, ಎಲ್ಲವನ್ನೂ ಹಾಕಬೇಕು. ವಿಡಿಯೋ ಹಾಕಿದ ಮೊದಲ ಎರಡು ಗಂಟೆ ನಾನು ಫೋನ್ ಬಿಟ್ಟು ಏಳುವುದಿಲ್ಲ. ಯಾರಾದರೂ "ನನಗೂ" ಎಂದು ಬರೆದರೆ ಉತ್ತರ ತಕ್ಷಣ ಹೋಗಬೇಕು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಅನ್ನು ಮೊದಮೊದಲು ಕೊನೆಯಲ್ಲಿ ಹಾಕುತ್ತಿದ್ದೆ. ಕೊನೆಯವರೆಗೆ ಯಾರು ನೋಡುತ್ತಾರೆ? ಈಗ ಶುರುವಿನಿಂದಲೇ ಮೇಲೆ ಇರುತ್ತದೆ. ಆದರೂ ಮಕ್ಕಳು ಫೋನ್ ಮಾಡುತ್ತಿರಲಿಲ್ಲ. ಕೇಳಿದರೆ, ದುಡ್ಡು ಕಟ್ ಆಗುತ್ತಾ, ಇಂಗ್ಲಿಷ್‌ನಲ್ಲಿ ಮಾತಾಡಬೇಕಾ ಎಂಬ ಅನುಮಾನ. ಹಾಗಾಗಿ ನಂಬರ್ ಒತ್ತಿ, ಕನ್ನಡ ಆರಿಸುವವರೆಗೆ ಮಾತ್ರ ಶೂಟ್ ಮಾಡಿ 22 ಸೆಕೆಂಡಿನ ವಿಡಿಯೋ ಹಾಕಿದೆ. ಉಚಿತ, ದಿನದ 24 ಗಂಟೆ ಎಂದು ಮೇಲೆ ಬರೆದೆ. ಇದೇ ನನ್ನ ಅತಿ ಹೆಚ್ಚು ಸೇವ್ ಆದ ವಿಡಿಯೋ.

ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಮುಖ ತೋರಿಸಲು ಒಪ್ಪದ ಒಬ್ಬ ತಾಯಿ, ರೊಟ್ಟಿ ತಟ್ಟುತ್ತಾ ಮಾತಾಡಿದರು. ಬರೀ ಕೈ ಮತ್ತು ದನಿ. "ನನ್ನ ಮಗಳು ನಾಟಕ ಮಾಡ್ತಾಳೆ ಅನ್ಕೊಂಡಿದ್ದೆ" ಎಂದಾಗ ಅವರ ಕೈ ಒಂದು ಕ್ಷಣ ನಿಂತಿತು. ಅದನ್ನು ಕತ್ತರಿಸಲಿಲ್ಲ. ಇನ್‌ಸ್ಟಾದಲ್ಲಿ ಅದು ಅಷ್ಟೇನೂ ಓಡಲಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಅಮ್ಮಂದಿರಿಂದ ಅಮ್ಮಂದಿರಿಗೆ ಹೋಯಿತು. ಆ ವಾರ ನಾಲ್ಕು ಜನ ತಾಯಂದಿರು ಮಕ್ಕಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಈಗ ಒಬ್ಬ ಅಪ್ಪನನ್ನು ಮಾತಾಡಿಸಲು ಆರು ತಿಂಗಳಿಂದ ಹಿಂದೆ ಬಿದ್ದಿದ್ದೇನೆ. ಮೊನ್ನೆ, "ಅಡಿಕೆ ಕೊಯ್ಲು ಮುಗೀಲಿ ಮೇಡಂ, ತೋಟದಲ್ಲೇ ಮಾತಾಡ್ತೀನಿ" ಎಂದಿದ್ದಾರೆ.