ಮಳೆಗಾಲ ಬಂತು, ಸೋಲಾರ್ ಬ್ಯಾಟರಿಯ ಕಟ್-ಆಫ್ ಸ್ವಲ್ಪ ಏರಿಸಿ

ಜೂನ್ ಹಿಡಿದರೆ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಎಷ್ಟೋ ದಿನ ಬಿಸಿಲೇ ಕಾಣುವುದಿಲ್ಲ. ಮರ ಬಿದ್ದು ಲೈನ್ ಹೋದರೆ ಕರೆಂಟೂ ಇಲ್ಲ. ಆಗ ಮನೆ ಬೆಳಗುವುದು ಸೋಲಾರ್ ಬ್ಯಾಟರಿಯಿಂದ. ಆದರೆ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಮಾಡುವ, ಬ್ಯಾಟರಿಯಿಂದ ಬಲ್ಬಿಗೆ ಕರೆಂಟ್ ಬಿಡುವ ಪೆಟ್ಟಿಗೆ) ಕೂರಿಸಿದ ದಿನ ಇದ್ದ ಸೆಟ್ಟಿಂಗನ್ನೇ ಹೆಚ್ಚಿನವರು ಹಾಗೇ ಬಿಟ್ಟಿರುತ್ತಾರೆ.

ಸಣ್ಣ ಕಂಟ್ರೋಲರ್‌ಗಳು ಸಾಮಾನ್ಯವಾಗಿ 11 ವೋಲ್ಟ್ ಆಸುಪಾಸಿನಲ್ಲಿ ಲೋಡ್ (ಬಲ್ಬ್, ಫ್ಯಾನ್ ಇತ್ಯಾದಿ) ಕಟ್ ಮಾಡುತ್ತವೆ, ಇದೇ ಕಟ್-ಆಫ್. ಅಷ್ಟು ಹೊತ್ತಿಗೆ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಬಹುಪಾಲು ಖಾಲಿ. ಕಡೂರು, ಅರಸೀಕೆರೆಯಲ್ಲಾದರೆ ಮಾರನೇ ದಿನದ ಬಿಸಿಲಿಗೆ ಮತ್ತೆ ಚಾರ್ಜ್ ಏರುತ್ತದೆ. ಮಲೆನಾಡಿನ ಮಳೆಯಲ್ಲಿ ಆ ಬಿಸಿಲು ಎಲ್ಲಿಂದ ಬರಬೇಕು? ಖಾಲಿ ಬ್ಯಾಟರಿ ದಿನಗಟ್ಟಲೆ ಹಾಗೇ ಕೂತರೆ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ಹೊತ್ತು ಬರುವುದಿಲ್ಲ.

ಮೊದಲು ಬ್ಯಾಟರಿ ಯಾವ ಸ್ಥಿತಿಯಲ್ಲಿದೆ ನೋಡಿ. ರಾತ್ರಿ ಎಲ್ಲ ಲೋಡ್ ಆಫ್ ಮಾಡಿ, ಬೆಳಗಾಗುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. 12.6ರ ಮೇಲಿದ್ದರೆ ತುಂಬಿದೆ, 12.2ರ ಹತ್ತಿರ ಇದ್ದರೆ ಅರ್ಧ. ಬಲ್ಬ್, ಫ್ಯಾನ್ ಓಡುವಾಗ ಅಳೆಯಬೇಡಿ, ಲೋಡ್‌ಗೆ ವೋಲ್ಟೇಜ್ ಇಳಿದು ಸುಮ್ನೆ ಗಾಬರಿಯಾಗುತ್ತದೆ.

ಈಗ ಕಂಟ್ರೋಲರ್. ಡಿಸ್‌ಪ್ಲೇ ಇರುವ ಹಲವು ಮಾದರಿಗಳಲ್ಲಿ ಮೆನು ಬಟನ್ ಒತ್ತುತ್ತಾ ಹೋದರೆ ಲೋಡ್ ಕಟ್ ಆಗುವ ವೋಲ್ಟೇಜ್ ಸಿಗುತ್ತದೆ. ಅಲ್ಲಿ ಬಟನ್ ಒತ್ತಿ ಹಿಡಿದರೆ ಅಂಕಿ ಮಿನುಗುತ್ತದೆ, ಆಗ ಬದಲಿಸಿ. ಬಲ್ಬ್, ವೈಫೈ ಮಾತ್ರ ಓಡಿಸುವ ಮನೆಗೆ ಮಳೆಗಾಲದಲ್ಲಿ 12.0, ಬೇಸಿಗೆಯಲ್ಲಿ 11.6 ಇಟ್ಟರೆ ಸಾಕು ಅನ್ನುವುದು ನನ್ನ ಲೆಕ್ಕ. ಹೀಗಿಟ್ಟರೆ ದೀಪ ಬೇಗ ಆರುತ್ತದೆ, ನಿಜ. ಆದರೂ ಸುಮಾರು ಅರ್ಧ ಚಾರ್ಜ್ ಬಳಕೆಗೆ ಸಿಗುತ್ತದೆ. 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯ ಅರ್ಧ ಅಂದರೆ ಸುಮಾರು 900 ವ್ಯಾಟ್-ಅವರ್. 9 ವ್ಯಾಟಿನ ನಾಲ್ಕು ಬಲ್ಬು ಒಂದು ರಾತ್ರಿ ಉರಿಯಲು ಅದು ಧಾರಾಳ.

ಮತ್ತೆ ಲೋಡ್ ಆನ್ ಆಗುವ ವೋಲ್ಟೇಜ್ ಕೂಡ ಅದೇ ಮೆನುವಿನಲ್ಲಿರುತ್ತದೆ, ಅದನ್ನು ಮರೆಯಬೇಡಿ. 12.8ರ ಹತ್ತಿರ ಇರಲಿ. ಕಟ್-ಆಫ್‌ಗೆ ತೀರಾ ಹತ್ತಿರ ಇಟ್ಟರೆ, ಲೋಡ್ ಹೋದ ಕೂಡಲೇ ವೋಲ್ಟೇಜ್ ತುಸು ಏರಿ ಬಲ್ಬ್ ಹತ್ತುತ್ತದೆ, ಮರುಕ್ಷಣ ಆರುತ್ತದೆ, ಮತ್ತೆ ಹತ್ತುತ್ತದೆ. ಕಂಟ್ರೋಲರ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗುವವರೂ ಇದ್ದಾರೆ!

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ. ಅದರ ವೋಲ್ಟೇಜ್ ಬಹಳ ಹೊತ್ತು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದು, ಕೊನೆಗೆ ದಡಕ್ಕನೆ ಬೀಳುತ್ತದೆ. ಬ್ಯಾಟರಿ ಜೊತೆ ಬಂದ ಚೀಟಿಯಲ್ಲಿದ್ದಷ್ಟೇ ಇಡಿ.

ಇನ್ವರ್ಟರ್ ಇದ್ದರೆ ಒಂದು ಮಾತು. ಅದನ್ನು ನೇರ ಬ್ಯಾಟರಿಗೇ ಕೊಟ್ಟಿರುತ್ತಾರೆ, ಅಲ್ವಾ? ಹಾಗಾಗಿ ಕಂಟ್ರೋಲರ್‌ನಲ್ಲಿ ಏನೇ ಬದಲಿಸಿದರೂ ಇನ್ವರ್ಟರ್‌ಗೆ ತಟ್ಟುವುದಿಲ್ಲ. ಅದು 10.5ರ ಸುತ್ತಮುತ್ತ ಬರುವವರೆಗೂ ಎಳೆಯಬಹುದು. ಅದರಲ್ಲೇ ಕಟ್-ಆಫ್ ಸೆಟ್ಟಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಮಲಗುವ ಮುಂಚೆ ಇನ್ವರ್ಟರ್ ಸ್ವಿಚ್ ಆಫ್ ಮಾಡಿ.